ಒಡೆಯನಿಲ್ಲದ ಜಾಲದಲ್ಲಿ ಕೊಡು-ಕೊಳ್ಳುವಿಕೆಯ ಲೆಕ್ಕ

ಕೇಂದ್ರ ಸರ್ವರ್‌ನ ಹಂಗಿಲ್ಲದೆ ಗಣಕಗಳು ತಮ್ಮತಮ್ಮಲ್ಲೇ ನೇರವಾಗಿ ಕಡತಗಳನ್ನು ವಿನಿಮಯ ಮಾಡಿಕೊಳ್ಳುವ ವ್ಯವಸ್ಥೆಗೆ ಪೀರ್-ಟು-ಪೀರ್ ಜಾಲವೆಂದು ಹೆಸರು. ಇಲ್ಲಿ ಒಡೆಯನೂ ಇಲ್ಲ, ಕಾವಲುಗಾರನೂ ಇಲ್ಲ. ಹಾಗಾದರೆ ಅಪರಿಚಿತನಿಗೆ ಏಕೆ ಕೊಡಬೇಕು? ಅವನು ಕೊಟ್ಟದ್ದನ್ನು ಹೇಗೆ ನಂಬಬೇಕು? ಇಂಥ ಜಾಲಗಳ ಅಳಿವು-ಉಳಿವು ನಿಂತಿರುವುದು ಈ ಎರಡು ಪ್ರಶ್ನೆಗಳ ಮೇಲೆ.

ಬಿಟ್ಟಿ ಬಳಕೆದಾರರು: 2000ದಲ್ಲಿ ಆರಂಭವಾದ ನುಟೆಲ್ಲಾ ಜಾಲವನ್ನು ಅದೇ ವರ್ಷ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದ ಐಟನ್ ಅಡಾರ್ ಮತ್ತು ಬರ್ನಾರ್ಡೊ ಹೂಬರ್‌ಮನ್ ಅಧ್ಯಯನ ಮಾಡಿದರು. ಸುಮಾರು ಶೇ. 70ರಷ್ಟು ಬಳಕೆದಾರರು ಒಂದು ಕಡತವನ್ನೂ ಹಂಚಿಕೊಂಡಿರಲಿಲ್ಲ. ಹುಡುಕಾಟಕ್ಕೆ ದೊರೆತ ಉತ್ತರಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬಂದದ್ದು ಶೇ. 1ರಷ್ಟು ಗಣಕಗಳಿಂದ. ಆ ಕೆಲವರು ಕೈಬಿಟ್ಟರೆ ಜಾಲವೇ ಸೊರಗುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಮುಯ್ಯಿಗೆ ಮುಯ್ಯಿ: ಬ್ರಾಮ್ ಕೋಹೆನ್ 2001ರಲ್ಲಿ ಹೊರತಂದ ಬಿಟ್‌ಟೊರೆಂಟ್ ಇದಕ್ಕೆ ಪರಿಹಾರ ಸೂಚಿಸಿತು. ಅದು ಕಡತವನ್ನು ಸಣ್ಣ ಚೂರುಗಳಾಗಿ ಒಡೆಯುತ್ತದೆ. ಪ್ರತಿ ಗಣಕವೂ ಸುಮಾರು 10 ಸೆಕೆಂಡಿಗೊಮ್ಮೆ ಲೆಕ್ಕ ನೋಡಿ, ತನಗೆ ವೇಗವಾಗಿ ಕೊಡುತ್ತಿರುವ ಕೆಲವರಿಗೇ ತಾನೂ ಕೊಡುತ್ತದೆ. ಆದರೆ ಹೊಸಬನ ಕೈಯಲ್ಲಿ ಕೊಡಲು ಏನೂ ಇರುವುದಿಲ್ಲವಲ್ಲ! ಅಂಥವರಿಗೂ ದಾರಿಯಾಗಲೆಂದು 30 ಸೆಕೆಂಡಿಗೊಮ್ಮೆ ಯಾರಾದರೊಬ್ಬರಿಗೆ, ಪ್ರತಿಫಲ ನೋಡದೆ, ಅವಕಾಶ ನೀಡಲಾಗುತ್ತದೆ.

ಈ ಉಪಾಯಕ್ಕೂ ಮಿತಿಯುಂಟು. ತನ್ನ ಕಡತ ಪೂರ್ತಿಯಾದವನಿಗೆ ಜಾಲದಲ್ಲಿ ಉಳಿದು ಇತರರಿಗೆ ಕೊಡಲು ಯಾವ ಲಾಭವೂ ಇಲ್ಲ. ಅಲ್ಲಿಂದ ಮುಂದಿನದು ಔದಾರ್ಯ ಮಾತ್ರ. ಜಾಣತನದಿಂದ ಸ್ವಾರ್ಥ ಸಾಧಿಸುವ ತಂತ್ರಾಂಶಕ್ಕೆ ಹೆಚ್ಚು ವೇಗ ದಕ್ಕುತ್ತದೆಂದು ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಬಿಟ್‌ಟೈರೆಂಟ್ ಮೂಲಕ ತೋರಿಸಿದರು.

ನಂಬಿಕೆಯ ಪ್ರಶ್ನೆ: ಪ್ರತಿ ಚೂರಿನ ಹ್ಯಾಶ್ ಮೊತ್ತವನ್ನು ತಾಳೆ ನೋಡುವುದರಿಂದ ಕೆಟ್ಟ ಚೂರು ತಿರಸ್ಕೃತವಾಗುತ್ತದೆ. ಆದರೆ ಕಡತದ ಹೆಸರು ಒಂದು, ಒಳಗಿನ ಹೂರಣ ಇನ್ನೊಂದಾಗಿದ್ದರೆ ಹ್ಯಾಶ್ ಅದನ್ನು ಹಿಡಿಯಲಾರದು. ಅದಕ್ಕಾಗಿ ಕೊಡುವವನ ಹಿನ್ನೆಲೆ ತಿಳಿಯಬೇಕು. ಸ್ಟ್ಯಾನ್‌ಫರ್ಡ್‌ನಲ್ಲಿ 2003ರಲ್ಲಿ ರೂಪುಗೊಂಡ ಐಗನ್‌ಟ್ರಸ್ಟ್, ಗಣಕಗಳು ಪರಸ್ಪರ ನೀಡುವ ಅಭಿಪ್ರಾಯಗಳನ್ನು ಒಟ್ಟುಗೂಡಿಸಿ, ನಂಬಿಗಸ್ತರ ಮಾತಿಗೆ ಹೆಚ್ಚು ತೂಕ ಕೊಡುತ್ತದೆ.

ಇಲ್ಲಿಯೂ ತೊಡಕಿದೆ. ಒಬ್ಬನೇ ನೂರು ಹೆಸರು ತಳೆದು ತನ್ನನ್ನು ತಾನೇ ಹೊಗಳಿಕೊಳ್ಳಬಹುದು. ಇದಕ್ಕೆ ಸಿಬಿಲ್ ದಾಳಿ ಎನ್ನುತ್ತಾರೆ. ಗುರುತನ್ನು ದೃಢೀಕರಿಸುವ ಕೇಂದ್ರ ಸಂಸ್ಥೆಯಿಲ್ಲದೆ ಇದನ್ನು ಪೂರ್ಣವಾಗಿ ತಡೆಯುವುದು ವಾಸ್ತವದಲ್ಲಿ ಅಸಾಧ್ಯವೆಂದು ಮೈಕ್ರೋಸಾಫ್ಟ್ ರಿಸರ್ಚ್‌ನ ಜಾನ್ ಡೌಸರ್ 2002ರಲ್ಲೇ ವಾದಿಸಿದ್ದರು. 2009ರಲ್ಲಿ ಚಾಲನೆಗೊಂಡ ಬಿಟ್‌ಕಾಯಿನ್ ತಲೆಯೆಣಿಕೆಯನ್ನೇ ಬಿಟ್ಟು, ವ್ಯಯಿಸಿದ ಗಣನಾಶಕ್ತಿಯನ್ನು ಲೆಕ್ಕಕ್ಕೆ ಹಿಡಿಯಿತು. ಸುಳ್ಳು ಹೆಸರಿಗೆ ಖರ್ಚಿಲ್ಲ. ದುಡಿಮೆಗೆ ವಿದ್ಯುತ್ತಿನ ಬೆಲೆ ತೆರಲೇಬೇಕು.