ಕರಾರಿಗೂ ತಕರಾರಿಗೂ ನಂಟಿಲ್ಲ: ಸೇಡಂ ಸೀಮೆಯ ಒಂದು ಕಚೇರಿ ಪದ

ಇಂಗ್ಲಿಷಿನ ‘ಕ್ವಿಬಲ್’ಗೆ ‘ತಕರಾರು’ ಎಂದು ಅರ್ಥ ಬರೆಯುವವರು ಅದರ ಬೆನ್ನಿಗೇ ಒಂದು ವ್ಯುತ್ಪತ್ತಿಯನ್ನೂ ಹೇಳುವುದುಂಟು: ‘ಕರಾರು’ ಎಂದರೆ ಒಪ್ಪಂದ, ಅದು ಕೆಟ್ಟಾಗ ಹುಟ್ಟುವುದು ‘ತಕರಾರು’. ಹಳೆಯ ಕಚೇರಿ ಕಾಗದ ಓದಲು ನನಗೆ ಕಲಿಸಿದ ಹಿರಿಯರು ಇದನ್ನೇ ನಂಬಿದ್ದರು. ಅವರ ಋಣ ನನ್ನ ಮೇಲಿದೆ. ಆದರೂ ಈ ಮಾತು ತಪ್ಪು. ‘ತರ್ಕ’ದಿಂದ ‘ತಕರಾರು’ ಬಂತೆನ್ನುವ ಇನ್ನೊಂದು ವಾದಕ್ಕೆ ಹೆಚ್ಚು ಜಾಗ ಬೇಕಿಲ್ಲ. ‘ಅರ್ಕ’ ಎಕ್ಕವಾಯಿತು, ‘ಶರ್ಕರಾ’ ಸಕ್ಕರೆಯಾಯಿತು. ಆ ದಾರಿಯಲ್ಲಿ ‘ತರ್ಕ’ ‘ತಕ್ಕ’ವಾದೀತೇ ಹೊರತು ಅದಕ್ಕೆ ‘ಆರು’ ಎಂಬ ಬಾಲ ಬರುವುದಿಲ್ಲ.

ಕರಾರಿನ ವಾದವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಕನ್ನಡದ ಕಿವಿಗೆ ಎರಡೂ ಪದ ಒಂದೇ ಮನೆಯವೆನಿಸುತ್ತವೆ. ಮೋಸ ಇರುವುದು ನಮ್ಮ ‘ಕ’ಕಾರದಲ್ಲಿ. ಎರಡೂ ಪದಗಳ ತವರಾದ ಅರಬ್ಬಿಯಲ್ಲಿ ನಾಲಗೆಯ ಹಿಂಭಾಗವನ್ನು ಮೇಲೆತ್ತಿ ಹೇಳುವ ‘ಕ’ ಒಂದು, ಅದಕ್ಕಿಂತ ಹಿಂದೆ, ಕಿರುನಾಲಗೆಯ ಬಳಿ ಹುಟ್ಟುವ ‘ಕ’ ಇನ್ನೊಂದು. ಲಿಪಿಯಲ್ಲೂ ಅವು ಬೇರೆ ಬೇರೆ ಅಕ್ಷರಗಳು. ‘ಕರಾರು’ ಎರಡನೆಯ ಅಕ್ಷರದ ಪದ. ಅದರ ಧಾತುವಿಗೆ ನೆಲೆನಿಲ್ಲು, ಇತ್ಯರ್ಥವಾಗು ಎಂಬ ಅರ್ಥ. ‘ತಕರಾರು’ ಮೊದಲನೆಯ ಅಕ್ಷರದ್ದು. ಅದರ ಧಾತುವಿಗೆ ಹಿಂದಿರುಗು, ಮರಳಿ ಮಾಡು ಎಂಬ ಅರ್ಥ. ಕನ್ನಡಕ್ಕೆ ಬರುವಾಗ ಎರಡೂ ಒಂದೇ ‘ಕ’ದ ಅಂಗಿ ತೊಟ್ಟವು. ಅಂಗಿ ನೋಡಿ ರಕ್ತಸಂಬಂಧ ಹೇಳಲಾಗದು.

ಇದಕ್ಕೆ ಪುರಾವೆ ಹುಡುಕಿಕೊಂಡು ಅರಬ್‌ ನಾಡಿಗೆ ಹೋಗಬೇಕಿಲ್ಲ, ಸೇಡಂನ ಸಂತೆಗೆ ಬಂದರೆ ಸಾಕು. ದಖ್ಖನಿ ಉರ್ದು ಆಡುವವರು ಆ ಹಿಂದಿನ ‘ಕ’ವನ್ನು ‘ಖ’ ಎನ್ನುತ್ತಾರೆ. ಅರ್ಜಿ ಬರೆಯುವ ವೃದ್ಧರೊಬ್ಬರ ಪಕ್ಕದಲ್ಲಿ ಕೂತು ನಾನು ಎರಡೂ ಪದಗಳನ್ನು ಅವರ ಬಾಯಿಂದ ಹೇಳಿಸಿದೆ. ಒಪ್ಪಂದಕ್ಕೆ ಅವರು ‘ಖರಾರ್’ ಎಂದರು, ಜಗಳಕ್ಕೆ ‘ತಕ್ರಾರ್’ ಎಂದರು. ಮತ್ತೆ ಕೇಳಿದೆ, ಮತ್ತೆ ಹಾಗೆಯೇ ಹೇಳಿದರು. ‘ಕರಾರು’ ಕೆಟ್ಟು ‘ತಕರಾರು’ ಆಗಿದ್ದರೆ ಅವರ ನಾಲಗೆಯಲ್ಲಿ ಅದು ‘ತಖ್ರಾರ್’ ಆಗಬೇಕಿತ್ತು. (ಆಡುಮಾತನ್ನು ಸಾಕ್ಷಿಯೆಂದು ಒಪ್ಪದ ವಿದ್ವಾಂಸರಿದ್ದಾರೆ. ಸತ್ತ ಕಾಗದಕ್ಕೆ ಕೊಡುವ ಮರ್ಯಾದೆಯನ್ನು ಬದುಕಿರುವ ನಾಲಗೆಗೂ ಕೊಡಿ ಎಂಬುದಷ್ಟೇ ಅವರಲ್ಲಿ ನನ್ನ ಬಿನ್ನಹ.) ಮುಷಾಯಿರಾದಲ್ಲಿ ಶೇರ್ ಹಿಡಿಸಿದಾಗ ಕೇಳುಗರು ‘ಮುಕರ್ರರ್’ ಎಂದು ಕೂಗುತ್ತಾರಲ್ಲ, ತಕರಾರಿನ ನಿಜವಾದ ಒಡಹುಟ್ಟು ಅದು. ಅದರ ಅರ್ಥ ‘ಇನ್ನೊಮ್ಮೆ’.

ಹಾಗಾದರೆ ‘ಇನ್ನೊಮ್ಮೆ’ ಎಂಬುದು ‘ಆಕ್ಷೇಪ’ವಾದದ್ದು ಹೇಗೆ? ಇದು ಕನ್ನಡಿಗರ ಅಪಭ್ರಂಶವೆಂದು ಮೂಗು ಮುರಿಯುವುದು ಅನ್ಯಾಯ. ಮರಾಠಿ, ಗುಜರಾತಿ, ತೆಲುಗುಗಳಲ್ಲೂ ಈ ಪದಕ್ಕೆ ಜಗಳ, ದೂರು, ಆಕ್ಷೇಪ ಎಂಬ ಅರ್ಥಗಳೇ ಇವೆ. ಪ್ಲಾಟ್ಸ್ 1884ರಲ್ಲಿ ಪ್ರಕಟಿಸಿದ ಉರ್ದು ನಿಘಂಟು ಪುನರುಕ್ತಿ, ವಾಗ್ವಾದ ಎರಡನ್ನೂ ಒಂದೇ ಪದದಡಿ ಕೊಡುತ್ತದೆ. ನಿಜಾಮರ ರಾಜ್ಯದಲ್ಲಿ ಫಾರ್ಸಿಯ ಜಾಗಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂದದ್ದೂ ಆ ಹೊತ್ತಿನಲ್ಲೇ. ಅರ್ಥ ತಿರುಗಿದ್ದು ನಮ್ಮ ಬಾಯಿಗೆ ಬರುವ ಮೊದಲೇ, ಕಚೇರಿಯ ಕಿವಿಯಲ್ಲಿ.

ಕಿವಿಯಲ್ಲಿ ಎನ್ನಲು ಕಾರಣವಿದೆ. ತಾಲ್ಲೂಕು ಕಚೇರಿಯೊಂದರ ಪಡಸಾಲೆಯಲ್ಲಿ ತೊಗರಿ ಹೊಲದ ಮುದುಕಿಯೊಬ್ಬಳು “ಸಾಹೇಬ್ರ, ನಮ್ಮ ಬದು ಬೇವಿನ ಗಿಡದ ತನಕ ಅದ” ಎಂದು ಒಂದೇ ಮಾತನ್ನು ನಾಲ್ಕು ಸಲ ಹೇಳಿದ್ದನ್ನು ಕೇಳಿದ್ದೇನೆ. ಅವಳಿಗೆ ಅದು ಸತ್ಯ. ಸತ್ಯಕ್ಕೆ ಬೇರೆ ಮಾತು ಎಲ್ಲಿಂದ ತರಬೇಕು? ಮೇಜಿನ ಆಚೆ ಕೂತವರಿಗೆ ಅದು ಕಿರಿಕಿರಿ. ಹೇಳುವವಳ ಪುನರುಕ್ತಿ ಕೇಳುವವರಿಗೆ ಜಗಳವಾಗುತ್ತದೆ. ಈ ಪದದ ಅರ್ಥ ಜಾರಿದ್ದು ಇಂಥದೇ ಜಾಗದಲ್ಲಿ ಎಂಬುದು ನನ್ನ ಊಹೆ. ಧ್ವನಿಯ ಪುರಾವೆಯಷ್ಟು ಗಟ್ಟಿಯಾದದ್ದಲ್ಲವಾದರೂ ಕೈಬಿಡುವಂಥದೂ ಅಲ್ಲ.

‘ಕ್ವಿಬಲ್’ ಕೂಡ ಕಚೇರಿಯ ಕೂಸೇ. ಲ್ಯಾಟಿನ್ ದಸ್ತಾವೇಜುಗಳಲ್ಲಿ ಪದೇ ಪದೇ ಬರುತ್ತಿದ್ದ ‘ಕ್ವಿಬಸ್’ ಅದರ ಮೂಲವಿರಬೇಕೆಂದು ನಿಘಂಟುಕಾರರು ಹೇಳುತ್ತಾರೆ. ಹುಟ್ಟು ಹೋಲುತ್ತದೆ, ನಡೆ ಹೋಲುವುದಿಲ್ಲ. ‘ಕ್ವಿಬಲ್’ ಕ್ಷುಲ್ಲಕತೆಯಲ್ಲೇ ಉಳಿಯಿತು; ತಕರಾರು ಹಕ್ಕಾಯಿತು. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 129ನೇ ಕಲಮಿನ ಪ್ರಕಾರ, ಹಕ್ಕು ಬದಲಾವಣೆಗೆ ಯಾರಾದರೂ ಬಾಯಿಮಾತಿನಲ್ಲಿ ಆಕ್ಷೇಪಿಸಿದರೂ ಅಧಿಕಾರಿ ಅದನ್ನು ವಹಿಯಲ್ಲಿ ದಾಖಲಿಸಲೇಬೇಕು. ಆ ಮುದುಕಿಯ ನಾಲ್ಕು ಸಲದ ಮಾತಿಗೂ ಅಲ್ಲಿ ಜಾಗವಿದೆ.

ಕ್ಷುಲ್ಲಕ ಆಕ್ಷೇಪಕ್ಕೆ ನಮ್ಮದೇ ಪದ ಬೇಕೆಂದರೆ ‘ಕೊಂಕು’ ಇದೆ: ನೇರವಿದ್ದುದನ್ನು ಬಾಗಿಸಿ ನೋಡುವುದು. ಇನ್ನೂ ಬಿಡಿಸಿ ಹೇಳಬೇಕೆಂದರೆ ಮೊಸರಿನಲ್ಲಿ ಕಲ್ಲು ಹುಡುಕುವುದಿದೆ. ಗಂಭೀರವಾದ ದೋಷವಿಚಾರಕ್ಕೂ ಈ ನೆಲದಲ್ಲಿ ಕೊರತೆಯಿರಲಿಲ್ಲ. ಸೇಡಂ ತಾಲ್ಲೂಕಿನದೇ ಆದ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದ ‘ಕವಿರಾಜಮಾರ್ಗ’ ತನ್ನ ಮೊದಲ ಪರಿಚ್ಛೇದವನ್ನೇ ದೋಷಾದೋಷಗಳಿಗೆ ಮೀಸಲಿಟ್ಟಿದೆ. ಕಣ್ಣಿಗೆ ತನ್ನ ಕಾಡಿಗೆ ಕಾಣದ ಹಾಗೆ ಮನುಷ್ಯನಿಗೆ ತನ್ನ ದೋಷ ಕಾಣದು ಎಂಬ ಎಚ್ಚರಿಕೆಯೂ ಅದರಲ್ಲಿದೆ. ಆದ್ದರಿಂದ ನಿಘಂಟು ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ: ‘ಕ್ವಿಬಲ್’ ಎದುರಿಗೆ ‘ಕೊಂಕು’ ಎಂದು ಬರೆಯಿರಿ. ತಕರಾರನ್ನು ಹೊಲದ ಬದುವಿಗಾಗಿ ಮತ್ತೆ ಮತ್ತೆ ಮಾತಾಡುವವರಿಗೆ ಬಿಡಿ.