ದೈತ್ಯ ಸ್ಟರ್ಜನ್ ಮೀನು ಕಯಾಕ್ ಮಗುಚುತ್ತದೆಯೇ?

ಗಾಳಕ್ಕೆ ಸಿಕ್ಕ ದೊಡ್ಡ ಮೀನು ಕಿರುದೋಣಿ ಕಯಾಕನ್ನು ಮಗುಚಿಬಿಡುತ್ತದೆಯೇ? ಸಾಮಾನ್ಯವಾಗಿ ಇಲ್ಲ. ಗಾಳದ ಕೋಲನ್ನು ಮುಂತುದಿಯತ್ತ ಹಿಡಿದರೆ ಮೀನು ದೋಣಿಯನ್ನೇ ಎಳೆದುಕೊಂಡು ಹೋಗುತ್ತದೆ. ಕೆನಡಾದ ಫ್ರೇಸರ್ ನದಿಯ ಬಿಳಿ ಸ್ಟರ್ಜನ್ 3 ಮೀಟರ್‌ಗೂ ಉದ್ದ ಬೆಳೆಯಬಲ್ಲದು, 100 ವರ್ಷ ಬದುಕಬಲ್ಲದು.

ಹೆಚ್ಚಿನ ಅಪಾಯ ಇರುವುದು ಲಂಗರಿನಲ್ಲಿ. ಅದನ್ನು ದೋಣಿಯ ಪಕ್ಕಕ್ಕೆ ಕಟ್ಟಿದರೆ ನೀರಿನ ಸೆಳೆತಕ್ಕೆ ದೋಣಿ ಮಗುಚಬಹುದು. ತುದಿಗೆ ಕಟ್ಟಿ, ಮೀನು ಸಿಕ್ಕೊಡನೆ ಬಿಚ್ಚುವಂತಿರಲಿ. ಹಗ್ಗಕ್ಕೆ ತೇಲುವ ಚೆಂಡು ಕಟ್ಟಿದರೆ ಲಂಗರು ಮತ್ತೆ ಸಿಗುತ್ತದೆ.

ಹೊಸಬರು ಗಮನಿಸಿ:

• ಲೈಫ್ ಜಾಕೆಟ್ ಮತ್ತು ತಣ್ಣೀರಿಗೆ ತಕ್ಕ ಉಡುಪು ಧರಿಸಿ.
• ಮಗುಚಿದ ದೋಣಿಗೆ ಮತ್ತೆ ಹತ್ತುವುದನ್ನು ದಡದ ಬಳಿಯೇ ಅಭ್ಯಾಸ ಮಾಡಿ.
• ಒಬ್ಬರೇ ಹೋಗಬೇಡಿ.
• ಪರವಾನಗಿ ಪಡೆದು, ಹಿಮ್ಮುಳ್ಳಿಲ್ಲದ ಗಾಳ ಬಳಸಿ.
• ಅಲ್ಲಿ ಈ ಮೀನನ್ನು ಇಟ್ಟುಕೊಳ್ಳುವಂತಿಲ್ಲ. ನೀರಿನಲ್ಲೇ ಗಾಳ ಬಿಡಿಸಿ ಕಳುಹಿಸಿ.