ಪಿ.ಬಿ. ರಸ್ತೆಯ ನಡುವಿನ ನವನಗರ

1997ರಲ್ಲಿ ಗದಗ ಬೇರೆ ಜಿಲ್ಲೆ ಆಗುವವರೆಗೆ ರೋಣ ತಾಲ್ಲೂಕು ಧಾರವಾಡ ಜಿಲ್ಲೆಗೇ ಸೇರಿತ್ತು. ಅಲ್ಲಿಯ ಪುರ್ತಗೇರಿಯವರಿರಲಿ, ಗಜೇಂದ್ರಗಡದವರಿರಲಿ, ಜಿಲ್ಲಾ ಕಚೇರಿಯ ಕೆಲಸ ಬಿದ್ದರೆ ಧಾರವಾಡದ ದಾರಿ ಹಿಡಿಯಬೇಕಿತ್ತು. ಗದಗ, ಅಣ್ಣಿಗೇರಿ ದಾಟಿ ಹುಬ್ಬಳ್ಳಿಗೆ ಬಂದವರಿಗೆ ಮುಂದೆ ಪುಣೆ-ಬೆಂಗಳೂರು (ಪಿ.ಬಿ.) ರಸ್ತೆಯಲ್ಲಿ ಇನ್ನೂ 20 ಕಿಲೋಮೀಟರ್ ಉಳಿಯುತ್ತಿತ್ತು. ವಿದ್ಯಾನಗರ, ಉಣಕಲ್, ಭೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರು, ನವಲೂರು: ಫೈಲು ಕಂಕುಳಲ್ಲಿಟ್ಟುಕೊಂಡು ಹೊರಟವರಿಗೆ ಇವೆಲ್ಲ ಬಸ್ಸಿನ ಸ್ಟಾಪುಗಳು ಮಾತ್ರ. ಆ ಸ್ಟಾಪುಗಳೇ ಇವತ್ತು ಸಾವಿರಾರು ಸಂಸಾರಗಳ ವಿಳಾಸವಾಗಿವೆ.

ಹುಬ್ಬಳ್ಳಿ ವ್ಯಾಪಾರದ ಊರು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂದು, ಅದರ ವರ್ಕ್‌ಶಾಪು ಇಲ್ಲೇ ನೆಲೆಯೂರಿದ ಮೇಲೆ ಹತ್ತಿ, ಕಾಳುಕಡಿಯ ಪೇಟೆಯ ಜೊತೆಗೆ ರೈಲಿನ ಸಂಬಳವೂ ಊರಿಗೆ ಸೇರಿತು. ಧಾರವಾಡದ್ದು ಕಚೇರಿ, ಕಾಲೇಜು, ಸಂಗೀತದ ಬದುಕು. 1890ರಲ್ಲಿ ವಿದ್ಯಾವರ್ಧಕ ಸಂಘ, 1950ರಲ್ಲಿ ಆಕಾಶವಾಣಿ, ಅದೇ ಹೊತ್ತಿಗೆ ಕರ್ನಾಟಕ ವಿಶ್ವವಿದ್ಯಾಲಯ. ದುಡಿಮೆ ಒಂದು ಊರಿನಲ್ಲಿ, ಓದು ಮತ್ತೊಂದರಲ್ಲಿ ಇದ್ದದ್ದರಿಂದ ಜನ ದಿನವೂ ಆ ಕಡೆ ಈ ಕಡೆ ಓಡಾಡುವುದು ಅನಿವಾರ್ಯವಾಯಿತು. 1962ರಲ್ಲಿ ಎರಡೂ ಊರು ಸೇರಿ ಒಂದೇ ಮಹಾನಗರ ಪಾಲಿಕೆ ಆದದ್ದು ಈ ಓಡಾಟಕ್ಕೆ ಬಿದ್ದ ಸರಕಾರಿ ಮೊಹರು.

ಹುಬ್ಬಳ್ಳಿಯಿಂದ ಮೊದಲು ಹೊರಚಾಚಿದ್ದು ವಿದ್ಯಾನಗರದ ಕಡೆ. 1947ರಲ್ಲಿ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು, 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಅಲ್ಲಿ ಆರಂಭವಾದವು. ಕಾಲೇಜಿನ ಹಿಂದೆ ಹಾಸ್ಟೆಲು, ಹಾಸ್ಟೆಲಿನ ಹಿಂದೆ ಖಾನಾವಳಿ, ಅದರ ಹಿಂದೆ ಪ್ರಾಧ್ಯಾಪಕರ, ಡಾಕ್ಟರರ ಮನೆಗಳು. ರಸ್ತೆಯಗುಂಟ ಊರು ಉತ್ತರಕ್ಕೆ ಜರುಗುತ್ತ ಹೋಯಿತು.

ನವನಗರ ಹುಟ್ಟಿದ್ದು ಈ ಎರಡು ಊರುಗಳ ನಡುವಿನ ಬಯಲಿನಲ್ಲಿ. ಬಾಗಲಕೋಟೆಯಲ್ಲೂ ಒಂದು ನವನಗರವಿದೆ. ಅದು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದವರಿಗಾಗಿ ಕಟ್ಟಿದ್ದು. ಹುಬ್ಬಳ್ಳಿಯ ನವನಗರದಲ್ಲಿ ಅಂಥ ಯಾವ ಮುಳುಗಡೆಯೂ ಇಲ್ಲ. ಗಂಡನಿಗೆ ಹುಬ್ಬಳ್ಳಿಯ ರೈಲ್ವೆಯಲ್ಲಿ ನೌಕರಿ, ಹೆಂಡತಿಗೆ ಧಾರವಾಡದ ಶಾಲೆಯಲ್ಲಿ ಟೀಚರ್ ಕೆಲಸ ಎನ್ನುವ ಮನೆಗೆ ನಡುವೆ ಒಂದು ಪ್ಲಾಟು ಬೇಕಿತ್ತು, ಅಷ್ಟೇ. ನಗರಾಭಿವೃದ್ಧಿ ಪ್ರಾಧಿಕಾರದ ಕಚೇರಿ ಇಲ್ಲಿದೆ, ಅವಳಿ ನಗರದ ಪೊಲೀಸ್ ಕಮಿಷನರ್ ಕಚೇರಿಯೂ ಇಲ್ಲಿದೆ. ಕ್ಯಾನ್ಸರ್ ಆಸ್ಪತ್ರೆ ಇದೆ. 2009ರಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯವೂ ಬಂತು. ಎರಡೂ ಊರಿಗೆ ಸಲ್ಲಬೇಕಾದ ಕಚೇರಿಯನ್ನು ಒಂದು ಊರಿಗೆ ಕೊಟ್ಟರೆ ಇನ್ನೊಂದಕ್ಕೆ ಸಿಟ್ಟು. ಹೀಗಾಗಿ ನಡುವಿನ ಜಾಗಕ್ಕೆ ಬೆಲೆ ಬಂತು.

ಇಲ್ಲಿಯ ಮನುಷ್ಯನನ್ನು ಹೊರಗಿನವರು ಕೇಳುವ ಪ್ರಶ್ನೆ ಗೊತ್ತಿರುವಂಥದ್ದೇ.

‘ಎಲ್ಲಿರ್ತೀರಿ?’

‘ನವನಗರದಾಗ್ರಿ.’

‘ಅಂದ್ರ ಹುಬ್ಬಳ್ಳಿನೋ, ಧಾರವಾಡನೋ?’

ಲಗ್ನಪತ್ರಿಕೆಯಲ್ಲಿ ಹುಬ್ಬಳ್ಳಿ-25 ಎಂದು ಬರೆಸುವವರು ಸಂಜೆ ಕಛೇರಿ ಕೇಳುವುದಕ್ಕೆ, ಪೇಡೆ ತರುವುದಕ್ಕೆ ಧಾರವಾಡಕ್ಕೆ ಹೋಗುತ್ತಾರೆ. ಬಟ್ಟೆ ಬಂಗಾರಕ್ಕೆ ಹುಬ್ಬಳ್ಳಿಗೆ ಬರುತ್ತಾರೆ.

ಅಮೆರಿಕದಲ್ಲಿ ಇಂಥ ಉಪನಗರಗಳ ಮಾದರಿ ಎಂದು ಎಲ್ಲರೂ ಹೆಸರಿಸುವುದು ನ್ಯೂಯಾರ್ಕ್ ಬಳಿಯ ಲೆವಿಟ್‌ಟೌನ್. 1947ರಿಂದ 1951ರೊಳಗೆ ಆಲೂಗಡ್ಡೆಯ ಹೊಲಗಳ ಮೇಲೆ 17,000ಕ್ಕೂ ಹೆಚ್ಚು ಮನೆಗಳೆದ್ದವು. ಒಬ್ಬನೇ ಬಿಲ್ಡರ್, ಹೆಚ್ಚುಕಡಿಮೆ ಒಂದೇ ನಕ್ಷೆ. ಕರಿಯರಿಗೆ ಮನೆ ಕೊಡಬಾರದು ಎಂಬ ಷರತ್ತನ್ನು ಕರಾರಿನಲ್ಲೇ ಬರೆದಿದ್ದರು. ಪಿ.ಬಿ. ರಸ್ತೆಯ ಕಥೆ ಬೇರೆ. ಇಲ್ಲಿ ಒಂದೊಂದು ಲೇಔಟಿನ ಬೆನ್ನಿಗೂ ಒಂದೊಂದು ಹಳೆಯ ಊರಿದೆ. ಉಣಕಲ್‌ನ ಚಂದ್ರಮೌಳೇಶ್ವರ ಗುಡಿ, ಅಮರಗೋಳದ ಶಂಕರಲಿಂಗ ಗುಡಿ ಚಾಲುಕ್ಯರ ಕಾಲದವು. ಸಾಫ್ಟ್‌ವೇರ್ ಕೆಲಸದವರು ಸಾಲ ತೆಗೆದು ಅಪಾರ್ಟ್‌ಮೆಂಟ್ ಕೊಂಡ ಉಣಕಲ್‌ನಲ್ಲೇ ಸಿದ್ದಪ್ಪಜ್ಜನ ಜಾತ್ರೆಯೂ ನಡೆಯುತ್ತದೆ. ಎಮ್ಮೆ ಕಟ್ಟಿದ ಮನೆ, ಅದರ ಮಗ್ಗುಲಲ್ಲೇ ಮೂರಂತಸ್ತಿನ ಬಾಡಿಗೆ ಮನೆ, ಎರಡಕ್ಕೂ ಒಂದೇ ಓಣಿ.

ಅಮರಗೋಳದ ಎಪಿಎಂಸಿ ಯಾರ್ಡಿಗೆ ಸುತ್ತಲ ಜಿಲ್ಲೆಗಳಿಂದ ಉಳ್ಳಾಗಡ್ಡಿ, ಹತ್ತಿ, ಕಾಳು ಬರುತ್ತವೆ. ಲಾರಿ ಖಾಲಿಯಾಗುವವರೆಗೆ ಚಹಾದಂಗಡಿಯಲ್ಲಿ ಕುಂತ ರೈತ, ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡು ಬಸ್ಸಿಗೆ ಓಡುವ ಹುಡುಗಿ ಇಬ್ಬರೂ ಒಂದೇ ರಸ್ತೆ ದಾಟಬೇಕು. ಇನ್ನೂ ಮುಂದೆ ಹೋದರೆ ನವಲೂರು. ಧಾರವಾಡದ ಪೇರಲ ಎಂದು ಹೆಸರಾದ ಹಣ್ಣು ಬೆಳೆಯುವುದು ಇಲ್ಲಿಯ ತೋಟಗಳಲ್ಲಿ. ಸುಗ್ಗಿಯಲ್ಲಿ ಹೆಂಗಸರು ಬುಟ್ಟಿ ಇಟ್ಟುಕೊಂಡು ರಸ್ತೆ ಬದಿಗೆ ಕೂಡುತ್ತಾರೆ. ಕೇಳಿದರೆ ಹಣ್ಣನ್ನು ನಾಲ್ಕು ಹೋಳು ಮಾಡಿ ಉಪ್ಪು-ಖಾರ ಸವರಿ ಕೈಗೆ ಕೊಡುತ್ತಾರೆ. ಎಕರೆಗಟ್ಟಲೆ ಇದ್ದ ತೋಟ ಎನ್‌.ಎ. (ಕೃಷಿಯೇತರ) ಆಗಿ, ಗುಂಟೆ ಲೆಕ್ಕಕ್ಕೆ ಇಳಿದು, 30-40ರ ಪ್ಲಾಟುಗಳಾಗುವುದು ಈ ಪಟ್ಟಿಯುದ್ದಕ್ಕೂ ಕಾಣುವ ಬದಲಾವಣೆ.

ಇಷ್ಟೆಲ್ಲ ನಡೆದದ್ದು ಬಸ್ಸಿನ ಆಧಾರದ ಮೇಲೆ. ಅಮರಗೋಳ, ಉಣಕಲ್, ನವಲೂರಿಗೆ ರೈಲು ನಿಲ್ದಾಣಗಳಿದ್ದರೂ ದಿನದ ನೌಕರಿಯವರಿಗೆ ರೈಲಿನ ವೇಳೆ ಹೊಂದುವುದು ಕಷ್ಟ. ಸರಕಾರಿ ಬಸ್ಸು, ಅದು ತಪ್ಪಿದರೆ ಖಾಸಗಿಯವರ ಬೇಂದ್ರೆ ಸಾರಿಗೆ, ಅದೂ ತುಂಬಿದರೆ ಟಂಟಂ. 2018ರ ಅಕ್ಟೋಬರಿನಲ್ಲಿ ಇವುಗಳ ನಡುವೆ ‘ಚಿಗರಿ’ ಓಡತೊಡಗಿತು. ವಿಶ್ವಬ್ಯಾಂಕಿನ ನೆರವಿನ ಬಿಆರ್‌ಟಿಎಸ್ ಯೋಜನೆಯ ಹವಾನಿಯಂತ್ರಿತ ಬಸ್ಸಿಗೆ ಇಟ್ಟ ಹೆಸರದು. ಸುಮಾರು 22 ಕಿಲೋಮೀಟರ್ ದಾರಿ, ರಸ್ತೆಯ ನಟ್ಟನಡುವೆ ಅದಕ್ಕೇ ಮೀಸಲು ಪಥ. ನಿಲ್ದಾಣವೂ ನಡುವೆಯೇ ಇರುವುದರಿಂದ ಬಾಗಿಲು ತೆರೆಯುವುದು ಬಲಗಡೆಗೆ. ಮೊದಮೊದಲು ರೂಢಿಯಂತೆ ಎಡಗಡೆಗೆ ಸರಿದು ನಿಂತ ಅಜ್ಜಂದಿರಿಗೆ ಹಿಂದಿನಿಂದ ಮಂದಿ ‘ಈ ಕಡೆ ಬರ್ರಿ ಅಜ್ಜಾರ’ ಎಂದು ಕರೆಯಬೇಕಾಗುತ್ತಿತ್ತು. ನಿಲ್ದಾಣದ ಕಟ್ಟೆ, ಬಸ್ಸಿನ ನೆಲ ಒಂದೇ ಮಟ್ಟ. ಮೊಳಕಾಲು ನೋವಿನವರಿಗೆ ಇದೇ ದೊಡ್ಡ ಅನುಕೂಲ.

ಬೇಗ ಹೋಗಬೇಕಾದವರು 200ಎ ಕಾಯುತ್ತಾರೆ. ನಡುವಿನ ಊರಿನವರ ಬಸ್ಸು ಎಲ್ಲ ಕಡೆ ನಿಲ್ಲುವ 100ಡಿ.

ಅನುಕೂಲಕ್ಕೆ ಬೆಲೆಯನ್ನೂ ತೆರಬೇಕಾಯಿತು. ರಸ್ತೆ ಅಗಲ ಮಾಡುವಾಗ ಹಳೆಯ ಮರಗಳು, ಅಂಗಡಿಗಳು, ಮನೆಯ ಮುಂಭಾಗಗಳು ಹೋದವು. ಭೈರಿದೇವರಕೊಪ್ಪದಲ್ಲಿ ರಸ್ತೆಗೆ ಹೊಂದಿಕೊಂಡಿದ್ದ ದರ್ಗಾವನ್ನು 2022ರ ಡಿಸೆಂಬರಿನಲ್ಲಿ ಪೊಲೀಸ್ ಬಂದೋಬಸ್ತಿನಲ್ಲಿ ತೆರವು ಮಾಡಲಾಯಿತು. ಅಲ್ಲಿಗೆ ನಡೆದುಕೊಳ್ಳುತ್ತಿದ್ದವರಿಗೆ ಅದು ನೋವಿನ ದಿನ. ಮಳೆಗಾಲದಲ್ಲಿ ಧಾರವಾಡದ ಟೋಲ್‌ನಾಕಾ ಬಳಿ ನೀರು ನಿಲ್ಲುವ ತಕರಾರು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಚಿಗರಿಗೆ ಮೀಸಲಾದ ಪಥ ಖಾಲಿ ಬಿದ್ದಿರುವಾಗ ಪಕ್ಕದಲ್ಲಿ ಸಿಕ್ಕಿಬಿದ್ದ ಬೈಕಿನವರ ಸಿಟ್ಟು ಇನ್ನೂ ಇಳಿದಿಲ್ಲ.

2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ಮಾಡಲು ಒಪ್ಪಿತು. ತೆರಿಗೆ ಇಲ್ಲಿಂದ ಹೋಗುತ್ತದೆ, ಖರ್ಚು ಅಲ್ಲಿ ಆಗುತ್ತದೆ ಎಂಬುದು ಧಾರವಾಡದವರ ಬಹುದಿನದ ದೂರು. ವಾರ್ಡುಗಳನ್ನು ಹಂಚುವುದು ನಕ್ಷೆಯ ಮೇಲೆ ಗೆರೆ ಎಳೆದಷ್ಟು ಸಲೀಸು. ಆದರೆ ಎರಡೂ ಊರಿನ ನಲ್ಲಿಗೆ ಹೆಚ್ಚಾಗಿ ಬರುವುದು ಸವದತ್ತಿಯ ಜಲಾಶಯದ ಮಲಪ್ರಭೆಯ ನೀರು. ನರಗುಂದದ ಕಾಲುವೆಗೂ ಅದೇ ನೀರು ಬರಬೇಕು. ಚಿಗರಿಯ ಪಥವೂ ಎರಡು ಪಾಲಿಕೆಗಳ ನೆಲದ ಮೇಲೆ ಹಾಯುತ್ತದೆ. ಗಟಾರ ಎಲ್ಲಿ ಒಬ್ಬರದು ಮುಗಿದು ಎಲ್ಲಿ ಇನ್ನೊಬ್ಬರದು ಶುರುವಾಗಬೇಕು, ಕಸದ ಗಾಡಿ ಎಲ್ಲಿಂದ ತಿರುಗಬೇಕು, ಹೊಸ ಲೇಔಟಿನ ಕರವನ್ನು ಯಾರಿಗೆ ಕಟ್ಟಬೇಕು ಎಂಬ ಲೆಕ್ಕಗಳನ್ನು ಇನ್ನು ಮುಂದೆ ಈ ನಡುವಿನ ಊರುಗಳಲ್ಲೇ ಬಗೆಹರಿಸಬೇಕಾಗುತ್ತದೆ.